ಟಾಲ್, ಟಾಲರ್ ಮತ್ತು ಮೂರನೆಯ ಗೆರೆ

ಸಾರು ಹೇಗಿದೆ ಎಂದು ನಮ್ಮ ಮನೆಯಲ್ಲಿ ನನ್ನನ್ನು ಕೇಳುವುದು ನಿಂತು ಹಲವು ವರ್ಷಗಳಾದವು. ಸೊಸೆ ಬಂದ ಹೊಸತರಲ್ಲಿ ಒಮ್ಮೆ ಕೇಳಿದ್ದಳು. 'ನಿನ್ನೆಗಿಂತ ಚೆನ್ನಾಗಿದೆ' ಎಂದೆ. ಅದು ನಿಜವಾಗಿತ್ತು. ನಿನ್ನೆಯ ಸಾರು ಕೆಟ್ಟಿತ್ತೆಂದು ನಾನು ಹೇಳಿರಲಿಲ್ಲ. ಆದರೆ ಅವಳಿಗೆ ಹಾಗೆ ಕೇಳಿಸಿತು. ಅವಳು ಒಳಗೆ ಹೋದ ಮೇಲೆ ಮಗ ಮೆಲ್ಲಗೆ, 'ಎಲ್ಲಕ್ಕಿಂತ ಚೆನ್ನಾಗಿದೆ ಅಂದ್ಬಿಡಬಾರದಾ ಅಪ್ಪ, ಏನ್ ಗಂಟು ಹೋಗತ್ತೆ' ಎಂದ. 'ಯಾವ ಎಲ್ಲಕ್ಕಿಂತ?' ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಇದು ಕಸುಬಿನಿಂದ ಅಂಟಿದ ರೋಗ ಎಂದು ಮನೆಯವರ ತೀರ್ಮಾನ. ಮೂವತ್ತು ವರ್ಷಕ್ಕೂ ಮೀರಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕುಳಿತು, ಬೇರೆಯವರು ಬರೆದದ್ದನ್ನು ಕೆಂಪು ಪೆನ್ಸಿಲಿನಿಂದ ಹೊಡೆದವನು ನಾನು. 'ಅತ್ಯಂತ', 'ಅಭೂತಪೂರ್ವ', 'ಹಿಂದೆಂದೂ ಕಾಣದ' ಎಂಬ ಮಾತುಗಳು ಕಂಡಲ್ಲಿ ಪಕ್ಕದ ಅಂಚಿನಲ್ಲಿ 'ಯಾರ ಪೈಕಿ?' ಎಂದು ಬರೆಯುತ್ತಿದ್ದೆ. ಕಚೇರಿಯಲ್ಲಿ ನನ್ನ ಬೆನ್ನ ಹಿಂದಿನ ಹೆಸರೂ ಅದೇ ಆಗಿತ್ತು. ತಾಲ್ಲೂಕು ವರದಿಗಾರನೊಬ್ಬ ತನ್ನೂರಿನಲ್ಲಿ ಹಿಂದೆಂದೂ ಕಾಣದಷ್ಟು ಜನ ಸೇರಿದ್ದರೆಂದು ಸುದ್ದಿ ಕಳಿಸಿದಾಗ, ಟ್ರಂಕ್ ಕಾಲ್ ಮಾಡಿ, ಹಿಂದೆ ಎಷ್ಟು ಸಲ ಕಂಡಿದ್ದೀಯಪ್ಪ ಎಂದು ವಿಚಾರಿಸಿದೆ. ತಾನು ಆ ಊರಿಗೆ ಬಂದು ಆರು ತಿಂಗಳಾಯಿತು ಎಂದು ಆತ ಒಪ್ಪಿಕೊಂಡ. ಮರುದಿನ 'ಜನ ಸೇರಿದ್ದರು' ಎಂದು ಅಚ್ಚಾಯಿತು.

ಆದರೆ ಮನೆಯವರ ತೀರ್ಮಾನ ತಪ್ಪು. ಈ ರೋಗ ಕಸುಬಿಗಿಂತ ಹಳೆಯದು. ಕಳೆದ ವಾರ ಮೊಮ್ಮಗಳು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಸ್ಕೇಲು ಇಟ್ಟುಕೊಂಡು, ಗೆರೆ ಎಳೆ ತಾತ ಎಂದಳು. ಎಳೆದೆ. ಹೋದ ವರ್ಷದ ಗೆರೆಗಿಂತ ಅದು ಮೂರು ಬೆರಳು ಮೇಲಿತ್ತು. ಪೆನ್ಸಿಲು ಕೈಯಲ್ಲೇ ಇತ್ತು. ನನ್ನ ಗಮನ ಮಾತ್ರ ಅರಸೀಕೆರೆಯ ಒಂದು ಶಾಲೆಯ ಗೋಡೆಗೆ ಹೋಗಿತ್ತು.

ಐವತ್ತರ ದಶಕದ ನಡುಭಾಗದ ಮಾತು. ನನ್ನ ತಂದೆ ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದರು. ನಾನು ಅಲ್ಲಿನ ಒಂದು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಚೆನ್ನಕೇಶವಯ್ಯ ಮೇಷ್ಟ್ರು. ಹೆಸರೇ ಹೇಳುವ ಹಾಗೆ ಬೇಲೂರಿನವರು. ಅವರ ಅಣ್ಣ ಅಲ್ಲಿ ದೇವಸ್ಥಾನದ ಸೇವೆಯಲ್ಲಿದ್ದರು. ಮೇಷ್ಟ್ರಿಗೆ ಇಪ್ಪತ್ತೈದು ದಾಟಿರಲಿಲ್ಲ. ಮೂರು ಅಂಗಿ, ಒಂದು ಕರೀ ಕೋಟು, ಒಂದು ಕೊಡೆ ಅವರ ಆಸ್ತಿ. ಅವರ ನೌಕರಿ ಹಂಗಾಮಿ. ಎಂದರೆ, ಪ್ರತಿ ಬೇಸಗೆಯಲ್ಲಿ ಅದು ಮುಗಿಯುತ್ತಿತ್ತು. ಶಾಲೆ ತೆರೆಯುವ ಹೊತ್ತಿಗೆ ಹೊಸ ಆರ್ಡರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನಡುವಿನ ಎರಡು ತಿಂಗಳು ಅವರು ಬೇಲೂರಿನಲ್ಲಿ ಅಣ್ಣನ ಮನೆಯ ಜಗಲಿಯ ಮೇಲೆ ಕುಳಿತು ಅಂಚೆಯವನ ದಾರಿ ನೋಡುತ್ತಿದ್ದರಂತೆ. ಖಾಯಂ ಆಗಬೇಕಾದರೆ ಇನ್ಸ್‌ಪೆಕ್ಟರು ಬಂದು, ತರಗತಿಯಲ್ಲಿ ಕುಳಿತು, ಪಾಠ ನೋಡಿ, ಒಳ್ಳೆಯ ವರದಿ ಬರೆಯಬೇಕಿತ್ತು.

ಆ ವರದಿಗೆ ಕಾಯುತ್ತಿದ್ದವರು ಮೇಷ್ಟ್ರೊಬ್ಬರೇ ಅಲ್ಲ. ಹಾರನಹಳ್ಳಿಯ ಶಾನುಭೋಗರೊಬ್ಬರು ತಮ್ಮ ಮಗಳನ್ನು ಮೇಷ್ಟ್ರಿಗೆ ಕೊಡಲು ಒಪ್ಪಿದ್ದರು. ಜಾತಕ ಕೂಡಿತ್ತು, ಹುಡುಗಿಯನ್ನು ನೋಡಿದ್ದೂ ಆಗಿತ್ತು. ಕೆಲಸ ಖಾಯಂ ಆಗಲಿ, ಲಗ್ನಪತ್ರಿಕೆ ಬರೆಸೋಣ ಎಂದು ಶಾನುಭೋಗರು ಒಂದೇ ಮಾತು ಹೇಳಿದ್ದರು. ಈ ಸುದ್ದಿಯನ್ನು ನನ್ನ ತಾಯಿ ನಲ್ಲಿಯ ಸಾಲಿನಲ್ಲಿ ಕೇಳಿಕೊಂಡು ಬಂದರು. ನಲ್ಲಿಯ ಸಾಲಿಗೆ ತಿಳಿದದ್ದು ಒಂದೆರಡು ದಿನದಲ್ಲಿ ನಮ್ಮ ತರಗತಿಗೂ ತಿಳಿಯಿತು. ಅಲ್ಲಿಂದಾಚೆಗೆ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೂ 'ಹಾರನಹಳ್ಳಿ' ಎಂದು ಪಿಸುಗುಟ್ಟುತ್ತಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಆ ವರ್ಷ ನಮಗೆ ಇಂಗ್ಲಿಷ್ ವಿಶೇಷಣಗಳ ಮೂರು ಮೆಟ್ಟಿಲುಗಳ ಪಾಠ. ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಬೇರೆ ಶಾಲೆಗಳಲ್ಲಿ ಇದನ್ನು ಮಗ್ಗಿಯ ಹಾಗೆ ಉರುಹೊಡೆಸುತ್ತಿದ್ದರು. ನಮ್ಮ ಮೇಷ್ಟ್ರು ಪದ ಕೊಡುವ ಮೊದಲು ಪದಾರ್ಥ ತರಿಸುತ್ತಿದ್ದರು. ಬಿಗ್ ಎಂಬ ಮಾತಿಗೆ ಎಲ್ಲರೂ ಮನೆಯಿಂದ ಒಂದೊಂದು ತೆಂಗಿನಕಾಯಿ ತರಬೇಕೆಂದಾಯಿತು. ಅರಸೀಕೆರೆಯಲ್ಲಿ ಅದೇನು ಕಷ್ಟದ ವಿಷಯವಲ್ಲ. ಮೂವತ್ತು ಕಾಯಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ದಾರದಿಂದ ಸುತ್ತಳತೆ ತೆಗೆದು, ಕೊನೆಗೆ ಬಸವರಾಜ ತಂದ ಕಾಯಿಗೆ ಬಿಗ್ಗೆಸ್ಟ್ ಎಂಬ ಪಟ್ಟ ಸಿಕ್ಕಿತು. ಸಿಕ್ಕ ಕೂಡಲೇ ಅದನ್ನು ಒಡೆದು ಹಂಚಬೇಕೆಂದು ತರಗತಿ ಗಲಾಟೆ ಮಾಡಿತು. ಒಡೆದರೆ ಒಳಗೆ ಕೊಳೆತಿತ್ತು. ಬಸವರಾಜನ ಮುಖ ಸಣ್ಣದಾಯಿತು. 'ದೊಡ್ಡದು ಅಂತ ತಾನೇ ಅಂದಿದ್ದು, ಒಳ್ಳೇದು ಅನ್ನಲಿಲ್ಲವಲ್ಲ' ಎಂದು ಮೇಷ್ಟ್ರು ಗುಡ್ ಎಂಬ ಪದಕ್ಕೆ ಹೋದರು.

ಕ್ರಿಯಾವಿಶೇಷಣಗಳಿಗೆ ಊರೇ ಉದಾಹರಣೆ. ಪ್ಯಾಸೆಂಜರ್ ರೈಲು ನಿಧಾನ. ನನ್ನ ತಂದೆಯವರ ಗೂಡ್ಸ್ ರೈಲು ಇನ್ನೂ ನಿಧಾನ. ನಮ್ಮ ಬೀದಿಯ ನಲ್ಲಿ ಎಲ್ಲಕ್ಕಿಂತ ನಿಧಾನ. ಇದನ್ನು ಇಂಗ್ಲಿಷಿನಲ್ಲಿ ಹೇಳಿಸುವಾಗ 'ಮೋಸ್ಟ್ ಸ್ಲೋಲಿ' ಎಂಬುದನ್ನು ಅವರು ನಲ್ಲಿಯ ನೀರಿನಷ್ಟೇ ನಿಧಾನವಾಗಿ ಎಳೆಯುತ್ತಿದ್ದರು. ಬ್ಯಾಡ್, ವರ್ಸ್, ವರ್ಸ್ಟ್ ಬಂದಾಗ ಹುಡುಗರು ಪರಸ್ಪರ ಬೆರಳು ತೋರಿಸತೊಡಗಿದರು. ಮೇಷ್ಟ್ರು ತಡೆದರು. ಕೆಟ್ಟದ್ದಕ್ಕೆ ಮನುಷ್ಯರನ್ನು ಸಾಲು ನಿಲ್ಲಿಸಬಾರದು ಎಂದು ಹೇಳಿ, ತಮ್ಮ ಮೂರು ಅಂಗಿಗಳನ್ನೇ ಉದಾಹರಣೆಗೆ ಕೊಟ್ಟರು. ಆ ದಿನ ಮೈಮೇಲಿದ್ದದ್ದು ವರ್ಸ್. ವರ್ಸ್ಟ್ ಶನಿವಾರಕ್ಕೆ ಮೀಸಲು.

ಅವರದು ಒಂದೇ ಕಟ್ಟುನಿಟ್ಟು. ಮೂರನೆಯ ಮೆಟ್ಟಿಲಿನ ಮಾತು ಆಡಬೇಕಾದರೆ ಎಲ್ಲರನ್ನೂ ಅಳೆದಿರಬೇಕು. 'ಒಬ್ಬನನ್ನ ಬಿಟ್ಟು ಅಳೆದರೂ ಆ ಮಾತು ಸುಳ್ಳಾಗತ್ತೆ ಕಣ್ರೋ' ಎನ್ನುತ್ತಿದ್ದರು. ಯಾರಾದರೂ ಸುಮ್ಮನೆ ಬೆಸ್ಟ್ ಎಂದರೆ, ಯಾರ ಪೈಕಿ ಎಂದು ಕೇಳುತ್ತಿದ್ದರು. ಮುಂದೆ ಕೆಂಪು ಪೆನ್ಸಿಲಿನಿಂದ ನಾನು ಬರೆದದ್ದು ಅವರ ಮಾತು, ನನ್ನದಲ್ಲ.

ಟಾಲ್ ಎಂಬ ಪದಕ್ಕೆ ಇಡೀ ತರಗತಿಯನ್ನು ಗೋಡೆಗೆ ನಿಲ್ಲಿಸಿ ಅಳೆದರು. ಕೊನೆಗೆ ಮಾದರಿಗೆಂದು ಮೂವರನ್ನು ಆರಿಸಿದರು. ಬೋರ್ಡಿನ ಪಕ್ಕದ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದು, ಒಂದೊಂದರ ಪಕ್ಕ ಒಂದೊಂದು ಪದ ಬರೆದರು. ಕೆಳಗಿನ ಗೆರೆ ದರ್ಜಿಯ ಮಗ ನಂಜುಂಡನದು, ನಡುವಿನದು ನನ್ನದು, ಮೇಲಿನದು ಬಸವರಾಜನದು. ದಿನವೂ ಇಂಗ್ಲಿಷ್ ಪಿರಿಯಡ್ ಶುರುವಾಗುವುದು ನಮ್ಮಿಂದಲೇ. ನಾವು ಮೂವರೂ ನಮ್ಮ ನಮ್ಮ ಗೆರೆಯ ಕೆಳಗೆ ನಿಂತು ಒಬ್ಬರಾದ ಮೇಲೆ ಒಬ್ಬರು ಹೇಳಬೇಕು. ಐ ಆ್ಯಮ್ ಟಾಲ್. ಐ ಆ್ಯಮ್ ಟಾಲರ್. ಐ ಆ್ಯಮ್ ದಿ ಟಾಲೆಸ್ಟ್.

ನಂಜುಂಡ ಇಡೀ ತರಗತಿಗೇ ಕುಳ್ಳ. ಆದರೆ ಯಾರೊಂದಿಗೂ ಹೋಲಿಸಿಕೊಳ್ಳದೆ, ನೇರವಾಗಿ, ತಾನು ಎತ್ತರ ಎಂದು ಹೇಳುವ ಹಕ್ಕು ಅವನೊಬ್ಬನಿಗೇ ಇತ್ತು. ಅದನ್ನು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಕನ್ನಡದಲ್ಲಿ ತಾನು ಕುಳ್ಳನಾದರೂ ಇಂಗ್ಲಿಷಿನಲ್ಲಿ ಎತ್ತರ ಎಂದು ಅಜ್ಜಿಗೆ ಹೇಳಿದ್ದನಂತೆ. ಅಜ್ಜಿ ದೃಷ್ಟಿ ತೆಗೆದರಂತೆ. ಬಸವರಾಜ ತೆಂಗಿನ ತೋಟದವರ ಮಗ. ವಯಸ್ಸಿಗೆ ಮೀರಿ ಬೆಳೆದಿದ್ದ. ಮನೆಯಲ್ಲಿ ತಲೆ ಬಾಗಿಲಿಗೆ ತಗಲುತ್ತದೆಂದು ಬೈಸಿಕೊಳ್ಳುವವನಿಗೆ, ಅದೇ ಎತ್ತರಕ್ಕೆ ಶಾಲೆಯಲ್ಲಿ ಒಂದು ಪದವಿ ಸಿಕ್ಕಿತ್ತು. ಓದಿನಲ್ಲಿ ಹಿಂದಿದ್ದ. ಇಂಗ್ಲಿಷಿನಲ್ಲಿ ಅವನು ತಡವರಿಸದೆ ಹೇಳುತ್ತಿದ್ದ ವಾಕ್ಯ ಅದೊಂದೇ.

ನನ್ನದು ನಡುವಿನ ಮಾತು. ಟಾಲರ್ ಎಂದರೆ ಯಾರಿಗಿಂತಲೋ. ಪಕ್ಕದಲ್ಲಿ ನಂಜುಂಡನಿಲ್ಲದಿದ್ದರೆ ಆ ಮಾತಿಗೆ ನಿಲ್ಲಲು ನೆಲವಿಲ್ಲ. ಆಮೇಲೆ ಬದುಕಿನಲ್ಲಿ ಪರೀಕ್ಷೆ, ನೌಕರಿ, ಬಡ್ತಿ ಎಲ್ಲದರಲ್ಲೂ ನನಗೆ ಸಿಕ್ಕಿದ್ದು ಆ ನಡುವಿನ ಗೆರೆಯೇ. ದೂರೇನೂ ಇಲ್ಲ. ನಡುವೆ ನಿಂತವನಿಗೆ ಎರಡೂ ಕಡೆ ಕಾಣುತ್ತದೆ. ವರದಿಗಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. 'ಇದಕ್ಕಿಂತ' ಎಂದೆ, ನೋಡಿ. ರೋಗ ಎಂದದ್ದು ಇದಕ್ಕೇ.

ಉದ್ದನೆಯ ವಿಶೇಷಣಗಳ ಮುಂದೆ ಮೋರ್ ಮತ್ತು ಮೋಸ್ಟ್ ಸೇರಿಸಬೇಕೆಂಬ ಪಾಠಕ್ಕೆ ಮೇಷ್ಟ್ರು ಆರಿಸಿಕೊಂಡ ಪದ ಬ್ಯೂಟಿಫುಲ್. ಅದಕ್ಕೆ ಮೂರು ದೇವಸ್ಥಾನಗಳು: ನಮ್ಮೂರ ಶಿವಾಲಯ, ಹಳೇಬೀಡು, ಬೇಲೂರು. ಬೋರ್ಡಿನ ಮೇಲೆ ಈ ಕ್ರಮದಲ್ಲಿ ಬರೆದದ್ದು ಬೇಲೂರಿನವರ ಪಕ್ಷಪಾತ ಎಂದು ಹಿಂದಿನ ಬೆಂಚು ಗೊಣಗಿತು. ಹಾಗಾದರೆ ನೋಡಿಯೇ ಹೇಳೋಣ ಎಂದು ಒಂದು ಭಾನುವಾರ ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸಿದರು. ಬಸ್ಸಿನಲ್ಲಿ ಚರ್ಚೆ ದೊಡ್ಡವರಿಗೂ ಹರಡಿತು. ಬೇಲೂರಲ್ಲಿ ಒಳಗೆ ನೋಡು, ಹಳೇಬೀಡಲ್ಲಿ ಹೊರಗೆ ನೋಡು ಎಂಬ ಗಾದೆಯನ್ನು ಒಬ್ಬರು ಹೇಳಿದರು. ಹಾಗಾದ್ರೆ ಅರಸೀಕೆರೇಲಿ ಏನ್ ನೋಡ್ಬೇಕು ಎಂದು ಇನ್ನೊಬ್ಬರು ಕೇಳಿದರು. ರೈಲು ನೋಡಿ ಎಂದು ಕಂಡಕ್ಟರು ಸೀಟಿ ಊದಿದ. ಹಳೇಬೀಡಿನಲ್ಲಿ ಬಸವರಾಜ ಗೋಡೆಯ ತಳದ ಆನೆಗಳ ಸಾಲಿನಲ್ಲಿ ಒಂದೊಂದೇ ಆನೆಯನ್ನು ಮುಟ್ಟುತ್ತ ಹೊರಟವನು ನಾವು ಕರೆದರೂ ಬರಲಿಲ್ಲ. 'ಒಂದರಂಗೆ ಒಂದಿಲ್ಲ ಸಾ' ಎಂದ. ಬೇಲೂರಿಗೆ ಹೋಗುವಾಗ ತಡವಾಗಿತ್ತು. ಎಲ್ಲವನ್ನೂ ನೋಡಿದ ಹಾಗಾಗಲಿಲ್ಲ ಎಂದು ಮೇಷ್ಟ್ರು ತೀರ್ಪನ್ನು ಮುಂದಕ್ಕೆ ಹಾಕಿದರು. ಆ ವಾಕ್ಯದ ಜಾಗ ನಮ್ಮ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿಯಿತು. ಬೇಲೂರಿನವರೊಬ್ಬರು ಬೇಲೂರಿಗೆ ಮೊದಲ ಸ್ಥಾನ ಕೊಡದೆ ಬಿಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಸಂಜೆ ಬಸವರಾಜ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತ. ನಾನು ನೋಟ್‌ಬುಕ್ಕು ಜೋಡಿಸುತ್ತ ಅಲ್ಲೇ ಇದ್ದೆ.

'ನಾಳೆ ನಮ್ಮನೇಗೆ ಸ್ವಾಮಿಗಳು ಬತ್ತಾರೆ ಸಾ. ಪಾದಪೂಜೆ ಐತೆ.'

'ನಾಳೆ ಇನ್ಸ್‌ಪೆಕ್ಟರು ಬರ್ತಾರಲ್ಲೋ.'

'ಗೊತ್ತು ಸಾ. ಪೂಜೆ ಮುಗಿಸ್ಕಂಡು ಬತ್ತೀನಿ.'

'ಎಷ್ಟೊತ್ತಿಗೆ ಮುಗಿಯತ್ತೆ?'

'ಬತ್ತೀನಿ ಸಾ.'

ಮಠದ ಸ್ವಾಮಿಗಳು ಮನೆಗೆ ದಯಮಾಡಿಸಿದಾಗ ಆ ಮನೆಯ ಮಗ ಚೊಂಬು ಹಿಡಿದು ನಿಲ್ಲದೆ ಶಾಲೆಗೆ ಬರುವುದು ಆಗದ ಮಾತು. ಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಕೇಳುವುದೂ ಆಗದ ಮಾತು. ಅವರ ತೋಟ ಊರಿನಿಂದ ಮೂರು ಮೈಲಿ. ಮೇಷ್ಟ್ರಿಗೆ ಇದೆಲ್ಲ ತಿಳಿದಿತ್ತು. ಆಯಿತು ಎಂದರು.

ಮರುದಿನ ಅವರು ತಮ್ಮ ಮೂರು ಅಂಗಿಗಳಲ್ಲಿ ವಾಸಿಯಾದದ್ದನ್ನು ತೊಟ್ಟು ಬಂದಿದ್ದರು. ಬಸವರಾಜ ಇಲ್ಲದ್ದರಿಂದ ಟಾಲ್ ಬಿಟ್ಟು ಬೇರೆ ಪಾಠ ತೆಗೆದರು. ಎಲ್ಲ ಸರಾಗವಾಗಿ ನಡೆಯಿತು. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕುಳಿತು ತಲೆದೂಗುತ್ತಿದ್ದರು. ಎದ್ದು ಹೊರಡುವ ಹೊತ್ತಿನಲ್ಲಿ ಅವರ ಕಣ್ಣು ಬೋರ್ಡಿನ ಪಕ್ಕದ ಇದ್ದಿಲಿನ ಗೆರೆಗಳ ಮೇಲೆ ಬಿತ್ತು. ಗೋಡೆ ಯಾಕೆ ಹೀಗೆ ಕೊಳಕಾಗಿದೆ ಎಂದು ಕೇಳಿದರು. ಮೇಷ್ಟ್ರು ವಿವರಿಸಿದರು. ಸಾಹೇಬರಿಗೆ ಕುತೂಹಲವಾಯಿತು. ಎಲ್ಲಿ, ಮಾಡಿ ತೋರಿಸಿ ಎಂದರು.

ನಂಜುಂಡ ಹೋಗಿ ತನ್ನ ಗೆರೆಯ ಕೆಳಗೆ ನಿಂತ. ನಾನು ನನ್ನದರ ಕೆಳಗೆ ನಿಂತೆ. ಮೂರನೆಯವನೊಬ್ಬ ಬೇಕಲ್ಲ ಎಂದು ಸಾಹೇಬರೇ ಮುಂದಿನ ಬೆಂಚಿನಿಂದ ಮುನೀರನನ್ನು ಎಬ್ಬಿಸಿದರು. ಮುನೀರ ನನಗಿಂತ ಗಿಡ್ಡ, ನಂಜುಂಡನಿಗಿಂತ ಎತ್ತರ. ಅವನನ್ನು ಬಸವರಾಜನ ಗೆರೆಯ ಕೆಳಗೆ ನಿಲ್ಲಿಸಿದರು. ಗೆರೆ ಅವನ ತಲೆಯ ಮೇಲೆ ಒಂದು ಗೇಣು ದೂರದಲ್ಲಿತ್ತು.

ಮೊದಲು ನಂಜುಂಡನನ್ನು ಕೇಳಿದರು. 'ಐ ಆ್ಯಮ್ ಟಾಲ್, ಸರ್' ಎಂದ ಅವನು, ಎಂದಿನ ಹಾಗೆ ಎದೆಯುಬ್ಬಿಸಿ. ಸಾಹೇಬರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುನೀರನನ್ನು ಕೇಳಿದರು. ಅವನಿಗೆ ಪಾತ್ರವೇ ಇರಲಿಲ್ಲವಾದ್ದರಿಂದ 'ಐ ಆ್ಯಮ್ ಮುನೀರ್, ಸರ್' ಎಂದ. ಆಮೇಲೆ ನನ್ನ ಸರದಿ. ಈ ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ ಹುಡುಗ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

'ಬಸವರಾಜ ಈಸ್ ದಿ ಟಾಲೆಸ್ಟ್, ಸರ್.'

ಎಲ್ಲಿದ್ದಾನೆ ಎಂದರು. ಆಬ್ಸೆಂಟ್ ಎಂದೆ. ಸಾಹೇಬರು ಕನ್ನಡಕ್ಕೆ ಇಳಿದರು.

'ಇಲ್ಲದವನ ಮಾತು ಬಿಡಪ್ಪ. ಇಲ್ಲಿ ನಿಂತಿರೋರಲ್ಲಿ ಯಾರು?'

ಉತ್ತರ ನನಗೆ ಗೊತ್ತಿತ್ತು. ನಾನೇ. ವ್ಯಾಕರಣದ ಪ್ರಕಾರವೂ ಸರಿ, ಅಳತೆಯ ಪ್ರಕಾರವೂ ಸರಿ. ಆದರೆ ದಿನವೂ ಬಸವರಾಜ ಹೇಳುವ ಆ ಮಾತನ್ನು ಅವನಿಲ್ಲದಾಗ ನಾನು ಹೇಳುವುದು, ಪಂಕ್ತಿಯಲ್ಲಿ ಊಟಕ್ಕೆ ಮೊದಲು ಕೈತೊಳೆಯಲು ಎದ್ದವನ ಎಲೆಗೆ ಕುಳಿತ ಹಾಗೆ ಎನ್ನಿಸಿತು. ಮೇಷ್ಟ್ರ ಕಡೆ ನೋಡಿದೆ. ಇನ್ಸ್‌ಪೆಕ್ಷನ್ನಿನ ದಿನ ಮೇಷ್ಟ್ರುಗಳು ಹುಬ್ಬಿನಲ್ಲೋ ಬೆರಳಿನಲ್ಲೋ ಉತ್ತರ ದಾಟಿಸುವುದು ಎಲ್ಲ ಶಾಲೆಗಳ ಪದ್ಧತಿ. ಅವರು ನನ್ನನ್ನು ನೋಡಲೇ ಇಲ್ಲ. ಬಾಗಿಲ ಕಡೆ ನೋಡುತ್ತ ನಿಂತಿದ್ದರು. ನಮ್ಮ ಮುಖ ನೋಡಲು ನಾಚಿಕೆಯಾಗಿರಬೇಕು ಎಂದುಕೊಂಡೆ. ನಾನು ಸುಮ್ಮನಿದ್ದೆ. ನನ್ನ ಮೌನ ಲಂಬಿಸಿದಾಗ, ಸಹಾಯ ಮಾಡುವ ಉತ್ಸಾಹದಿಂದ ಇಡೀ ತರಗತಿ ಒಂದೇ ರಾಗದಲ್ಲಿ ಕೂಗಿತು: ಬಸವರಾಜ ಈಸ್ ದಿ ಟಾಲೆಸ್ಟ್.

ಸಾಹೇಬರು ಪುಸ್ತಕ ತೆರೆದು ಒಂದು ಸಾಲು ಬರೆದರು. 'ಬಾಯಿಪಾಠ ಮಾಡಿಸಿದೀರಿ ಕಣ್ರೀ, ಅರ್ಥ ಮಾಡಿಸಿಲ್ಲ' ಎಂದು ಮೇಷ್ಟ್ರಿಗೆ ಹೇಳಿ, ಹೆಡ್ಮಾಸ್ಟರ ಕೋಣೆಗೆ ನಡೆದರು. ಎಲ್ಲರನ್ನೂ ಅಳೆಯಿರಿ, ಒಬ್ಬನನ್ನೂ ಬಿಡಬೇಡಿ ಎಂಬುದು ತಮ್ಮ ಪಾಠ ಎಂದು ಮೇಷ್ಟ್ರು ಹೇಳಬಹುದಿತ್ತು. ಹೇಳಲಿಲ್ಲ. ಪುಸ್ತಕದಲ್ಲಿ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದಕ್ಕೆ ಓದಿಸಿದರು. ಯಾರೂ ಪಿಸುಗುಟ್ಟಲಿಲ್ಲ.

ಅರ್ಧ ಗಂಟೆಯ ನಂತರ ಬಸವರಾಜ ಬಂದ. ಹಣೆಯ ತುಂಬ ವಿಭೂತಿ, ಒದ್ದೆ ತಲೆ, ಮೂರು ಮೈಲಿ ಓಡಿದ ಏದುಸಿರು. ವಿರಾಮದ ಗಂಟೆ ಹೊಡೆದಿತ್ತು. ನಡೆದದ್ದನ್ನು ನಂಜುಂಡ ಅವನಿಗೆ ಒಂದೇ ಉಸಿರಿನಲ್ಲಿ ಹೇಳಿದ. ಬಸವರಾಜ ನನ್ನ ಕಡೆ ತಿರುಗಿ, 'ನೀನಾದ್ರೂ ನಾನೇಯ ಅಂತ ಅನ್ನಬಾರದೇನ್ಲಾ. ನಂದೇನ್ ಸವೀತಿತ್ತಾ' ಎಂದ. ಅಷ್ಟು ಹೇಳಿ ಹೆಡ್ಮಾಸ್ಟರ ಕೋಣೆಯ ಕಡೆ ಹೊರಟ.

ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಕಂಡವರು ಇಬ್ಬರು; ಇಬ್ಬರ ಹೇಳಿಕೆಗಳೂ ಹೊಂದುವುದಿಲ್ಲ. ಎರಡನ್ನೂ ಕೊಡುತ್ತೇನೆ. ಬಸವರಾಜನ ಪ್ರಕಾರ, ಎಳನೀರು ಕುಡಿಯುತ್ತಿದ್ದ ಸಾಹೇಬರ ಮುಂದೆ ಅವನು ನಿಂತು, 'ಐ ಆ್ಯಮ್ ದಿ ಟಾಲೆಸ್ಟ್, ಸರ್' ಎಂದ. ಸಾಹೇಬರು ತಲೆಯೆತ್ತಿ, ಇನ್ನೂ ಎತ್ತಿ, ನಕ್ಕು, ಪುಸ್ತಕ ತೆರೆದು ಮೊದಲು ಬರೆದದ್ದನ್ನು ಹೊಡೆದುಹಾಕಿದರು. ಜವಾನ ಕೆಂಚಯ್ಯನ ಪ್ರಕಾರ ಸಾಹೇಬರು ನಗಲೂ ಇಲ್ಲ, ಹೊಡೆಯಲೂ ಇಲ್ಲ. ಪುಸ್ತಕ ತೆರೆದದ್ದು ನಿಜ. ಅದರಲ್ಲಿ ಇನ್ನೊಂದಿಷ್ಟು ಬರೆದರು, ಅದು ಒಳ್ಳೆಯದೋ ಕೆಟ್ಟದ್ದೋ ಇಂಗ್ಲಿಷ್ ಬಾರದ ತನಗೆ ಹೇಗೆ ತಿಳಿಯಬೇಕು.

ದಾಖಲೆಯಲ್ಲಿ ಇರುವುದು ಇಷ್ಟು. ಆ ವರ್ಷ ಖಾಯಂ ಆರ್ಡರು ಬರಲಿಲ್ಲ. ಬೇಸಗೆ ಕಳೆದ ಮೇಲೆ ಚೆನ್ನಕೇಶವಯ್ಯ ಮೇಷ್ಟ್ರನ್ನು ಹಂಗಾಮಿಯಾಗಿಯೇ ಹಳೇಬೀಡಿಗೆ ಹಾಕಿದರು. ಹಾರನಹಳ್ಳಿಯ ಲಗ್ನ ನಿಂತಿತು ಎಂಬ ಸುದ್ದಿಯನ್ನು ನನ್ನ ತಾಯಿ ನಲ್ಲಿಯಿಂದ ತಂದರು. 'ಪಾಪ, ಯಾವ್ದೋ ಹುಡುಗ ಒಂದು ಮಾತಿಗೆ ಉತ್ತರ ಹೇಳಲಿಲ್ಲವಂತೆ' ಎಂದು ಕೊಡ ಇಳಿಸಿದರು. ಆ ಹುಡುಗ ನಾನೇ ಎಂದು ನಾನು ಹೇಳಲಿಲ್ಲ. ಮರುವರ್ಷ ತಂದೆಗೆ ಬೀರೂರಿಗೆ ವರ್ಗವಾಯಿತು. ಶಾಲೆಯ ಗೋಡೆಗೆ ಅಷ್ಟರಲ್ಲಿ ಹೊಸ ಸುಣ್ಣ ಬಳಿದಿದ್ದರು.

ಅರವತ್ತರ ದಶಕದ ಆರಂಭದಲ್ಲಿ, ನಾನು ಪತ್ರಿಕೆ ಸೇರಿದ ಹೊಸತರಲ್ಲಿ, ಗಣ್ಯರೊಬ್ಬರು ಹಳೇಬೀಡು ನೋಡಲು ಬರುತ್ತಾರೆಂದು ನನ್ನನ್ನು ಕಳಿಸಿದರು. ಅವರು ಬಂದರು, ನೋಡಿದರು, ಹೋದರು. ಗೈಡು ಒಂದೊಂದು ಮೂರ್ತಿಯ ಮುಂದೆಯೂ ಪ್ರಪಂಚದಲ್ಲೇ ಇದಕ್ಕೆ ಸಾಟಿಯಿಲ್ಲ ಎನ್ನುತ್ತಿದ್ದ, ಗಣ್ಯರು ಒಪ್ಪುತ್ತಿದ್ದರು. ನಾನು ಆನೆಗಳ ಸಾಲಿನ ಹತ್ತಿರ ನಿಂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಹಿಂದಿನಿಂದ ಯಾರೋ, 'ಪ್ರಪಂಚ ಎಲ್ಲಾ ನೋಡಿದ್ದಾನೇನೋ ಅವನು?' ಎಂದರು. ತಿರುಗಿದೆ. ಅದೇ ಕೋಟು, ಕೊಡೆ ಮಾತ್ರ ಹೊಸದು.

ಕೆರೆಯ ಕಡೆಗಿದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಬಸವರಾಜನ ತೋಟದ ಬಗ್ಗೆ, ರೈಲ್ವೆ ಸೇರಿದ್ದ ನಂಜುಂಡನ ಬಗ್ಗೆ ಕೇಳಿದರು. ಬಾಗಿಲು ತೆರೆದವರು ಮೂವತ್ತರೊಳಗಿನ ಹೆಂಗಸು. ಕೈಬೆರಳಿಗೆ ಸೀಮೆಸುಣ್ಣ ಅಂಟಿತ್ತು. ಅರಸೀಕೆರೆಯ ನನ್ನ ಹಳೇ ಶಿಷ್ಯ ಎಂದು ಮೇಷ್ಟ್ರು ಪರಿಚಯಿಸಿದರು. ಆಕೆ ನನ್ನನ್ನು ಒಮ್ಮೆ ಅಳೆದು ನೋಡಿ, 'ಟಾಲರ್ ಅಂದ್ರೆ ಇವ್ರೇ ಏನ್ರೀ?' ಎಂದು ಗಂಡನನ್ನು ಕೇಳಿದರು.

ಕುರ್ಚಿ ತೋರಿಸಿದರು, ಕುಳಿತೆ.

ಅವರೇ ಹಾರನಹಳ್ಳಿಯ ನಾಗರತ್ನಮ್ಮ. ಕಾಫಿ ತಂದುಕೊಟ್ಟು ಎದುರಿಗೆ ಕುಳಿತು ಹೇಳಿದರು. 'ನಿಮ್ಮಿಂದ ನಮ್ಮಪ್ಪ ಇನ್ನೊಂದು ವರ್ಷ ನನ್ನ ಮನೇಲೇ ಇಟ್ಕೊಂಡರು ನೋಡಿ. ಸುಮ್ನೆ ಕೂತು ಏನ್ ಮಾಡ್ಲಿ ಅಂತ ಹಟ ಹಿಡಿದು ಲೋಯರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿದೆ. ಪಾಸಾಯ್ತು. ಅದೇ ಈಗ ಅನ್ನ ಹಾಕ್ತಿರೋದು.' ಅವರು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದರು. 'ಆ ವರ್ಷ ಊರೆಲ್ಲ ನನ್ನ ನೋಡಿ ಅಯ್ಯೋ ಪಾಪ ಅಂತಿತ್ತು. ನಾನೂ ನಿಮಗೆ ಹಿಡಿಶಾಪ ಹಾಕಿದೀನಿ, ಸುಳ್ಳು ಯಾಕೆ ಹೇಳ್ಲಿ.' ನಕ್ಕರು. ಶಾಪಕ್ಕೂ ಟೀಚರ್ ಕೆಲಸಕ್ಕೂ ನಡುವೆ ಆ ವರ್ಷ ಹೇಗಿತ್ತೆಂದು ನಾನು ಕೇಳಲಿಲ್ಲ. ಕಾಫಿ ಹೇಗಿದೆ ಎಂದು ಅವರು ಕೇಳಿದರು. ಚೆನ್ನಾಗಿದೆ ಎಂದೆ. ನಂಜುಂಡನ ಮೆಟ್ಟಿಲಿನಲ್ಲಿ ಒಂದೇ ಒಂದು ಸಲ ನಿಂತ ನೆನಪು ಅದು.

ಬಸ್ಸಿನವರೆಗೆ ಮೇಷ್ಟ್ರು ಜೊತೆಗೆ ಬಂದರು. ಸಾಹೇಬರ ಪುಸ್ತಕದಲ್ಲಿ ಏನಿತ್ತೆಂದು ಆಗ ಹೇಳಿದರು. ಮರುವರ್ಷ ಖಾಯಂ ಆದ ಮೇಲೆ ಅವರಿಗೆ ವರದಿಯ ನಕಲು ನೋಡಲು ಸಿಕ್ಕಿತ್ತು. ಮೊದಲನೆಯ ಸಾಲು ಬಾಯಿಪಾಠದ್ದು, ಅದನ್ನು ಹೊಡೆದಿರಲಿಲ್ಲ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಇನ್ನೂ ಒಂದು ವರ್ಷ ನೋಡಿ ತೀರ್ಮಾನಿಸಬಹುದು ಎಂದಿತ್ತು. ಕೆಂಚಯ್ಯ ಹೇಳಿದ್ದೇ ಸರಿಯಾಗಿತ್ತು, ಬಸವರಾಜನದು ಅರ್ಧ ಸರಿ.

ಬಸ್ಸು ಇನ್ನೂ ಬಂದಿರಲಿಲ್ಲ. ಏಳೆಂಟು ವರ್ಷಗಳಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. ನಾನು ಅಂದು ಟಾಲೆಸ್ಟ್ 'ನಾನೇ' ಎಂದಿದ್ದರೆ ಕೆಲಸ ಆಗಲೇ ಖಾಯಂ ಆಗುತ್ತಿತ್ತೇ?

'ಆಗ್ತಿತ್ತು' ಎಂದರು.

'ಮತ್ತೆ ಯಾಕೆ ಮೇಷ್ಟ್ರೇ ಒಂದು ಸನ್ನೆ ಮಾಡಲಿಲ್ಲ? ನಾನು ನಿಮ್ಮನ್ನೇ ನೋಡ್ತಿದ್ದೆ. ನೀವು ಬಾಗಿಲ ಕಡೆ ನೋಡ್ತಿದ್ರಿ.'

ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

'ಬಸವರಾಜ ಬತ್ತೀನಿ ಅಂತ ಹೇಳಿ ಹೋಗಿದ್ದನಲ್ಲೋ' ಎಂದರು. ಕೊಡೆಯನ್ನು ಮತ್ತೆ ಮೊದಲಿನ ಕೈಗೆ ತೆಗೆದುಕೊಂಡು, 'ಬಂದ' ಎಂದರು.